ಮೃತ್ಯುವಿನ ಮುಂದೆ ಮಹಿಳೆ

ಹುಟ್ಟಿದ ಜೀವಕ್ಕೆ ಸಾವು ತಪ್ಪದೆಂಬುದು ಎಲ್ಲರೂ ಬಲ್ಲ ಮಾತು. ಬಲ್ಲವರಾದರೂ ಮನುಷ್ಯರು ಅದನ್ನು ದಿನನಿತ್ಯದ ವ್ಯವಹಾರದಿಂದ ದೂರವಿಟ್ಟೇ ಬಾಳುತ್ತಾರೆ. ಬೆಳಗಿನ ಲೋಕಲ್ ಗಾಡಿಯನ್ನು ಹಿಡಿಯುವ ಧಾವಂತದಲ್ಲಿರುವ ಮುಂಬಯಿವಾಸಿಗೆ ಮೃತ್ಯುಚಿಂತನೆಗೆ ಪುರುಸೊತ್ತೆಲ್ಲಿ? ಹೀಗಿದ್ದರೂ ವರ್ಷದಲ್ಲಿ ಎರಡು ದಿನ ಈ ಮಹಾನಗರದ ಹೆಂಗಸರು ಸಾವನ್ನು ಎದುರಿಗೆ ನಿಲ್ಲಿಸಿಕೊಂಡು ಪೂಜೆಗೆ ಕೂರುತ್ತಾರೆ.

ಮೊದಲನೆಯದು ಜ್ಯೇಷ್ಠ ಮಾಸದ ಹುಣ್ಣಿಮೆ. ಅಂದು ದಾದರ, ಪರೇಲ, ಮುಲುಂಡ, ಡೊಂಬಿವಲಿಗಳಲ್ಲಿ ಆಲದ ಮರ ಉಳಿದಿರುವ ಕಡೆಯಲ್ಲೆಲ್ಲ ಸುಮಂಗಲಿಯರು ಕಾಂಡಕ್ಕೆ ನೂಲು ಸುತ್ತುತ್ತ ಪ್ರದಕ್ಷಿಣೆ ಬರುತ್ತಾರೆ. ಮರ ಸಿಗದವರು ಮಾರುಕಟ್ಟೆಯಿಂದ ಆಲದ ಟೊಂಗೆಯೊಂದನ್ನು ಕೊಂಡು ತಂದು ಮನೆಯಲ್ಲೇ ಪೂಜಿಸುತ್ತಾರೆ. ಈ ವಟಸಾವಿತ್ರಿ ವ್ರತವು ಬೆಳಗಾವಿ, ಧಾರವಾಡ, ವಿಜಾಪುರಗಳ ಕಡೆಯಿಂದ ಬಂದ ಕನ್ನಡ ಮನೆತನಗಳಿಗೆ ಹೊಸದಲ್ಲ. ಅವರ ಊರಿನಲ್ಲಿ ಅದೇ ದಿನ ಕಾರಹುಣ್ಣಿಮೆ. ಇದಾಗಿ ಒಂದೂವರೆ ತಿಂಗಳಿಗೆ ಆಷಾಢದ ಅಮಾವಾಸ್ಯೆ ಬರುತ್ತದೆ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಅದು ಭೀಮನ ಅಮಾವಾಸ್ಯೆ. ಜೋಡಿ ದೀಪಗಳಲ್ಲಿ ಜ್ಯೋತಿರ್ಭೀಮೇಶ್ವರನನ್ನು ಆವಾಹಿಸಿ, ಗಂಟು ಹಾಕಿದ ದಾರವನ್ನು ಕೈಗೆ ಕಟ್ಟಿಕೊಂಡು, ಕಡುಬಿನೊಳಗೆ ನಾಣ್ಯವಿಟ್ಟು ಹೊಸಿಲಿನ ಮೇಲೆ ಅಣ್ಣತಮ್ಮಂದಿರ ಕೈಯಿಂದ ಭಂಡಾರ ಒಡೆಸುವುದು ಪದ್ಧತಿ.

ಎರಡು ವ್ರತಗಳ ಹಿಂದೆಯೂ ಒಂದೊಂದು ಕಥೆಯಿದೆ. ಭೀಮನ ಅಮಾವಾಸ್ಯೆಯ ಕಥೆಯಲ್ಲಿ ಒಬ್ಬ ರಾಜನ ಮಗ ಮದುವೆಗೆ ಮುನ್ನವೇ ತೀರಿಹೋಗುತ್ತಾನೆ. ಮಗನ ಶವಕ್ಕಾದರೂ ಮದುವೆ ಮಾಡಬೇಕೆಂದು ರಾಜನ ಹಠ. ಬಡವನೊಬ್ಬ ಹಣಕ್ಕಾಗಿ ತನ್ನ ಮಗಳನ್ನೇ ಕೊಟ್ಟುಬಿಡುತ್ತಾನೆ. ಸಂಸ್ಕಾರಕ್ಕೆಂದು ಹೊಳೆಯ ದಂಡೆಗೆ ಬಂದ ಜನ ಬಿರುಮಳೆಗೆ ಹೆದರಿ ಚದರಿಹೋದಾಗ, ಶವದ ಬಳಿ ಉಳಿಯುವವಳು ಆ ಹುಡುಗಿ ಒಬ್ಬಳೇ. ಅವಳು ಮಣ್ಣಿನಿಂದ ಹಣತೆ ಮಾಡಿ, ಮಣ್ಣಿನದೇ ಕಡುಬು ಮಾಡಿ ವ್ರತ ಹಿಡಿಯುತ್ತಾಳೆ. ದಾರಿಹೋಕರ ವೇಷದಲ್ಲಿ ಬಂದ ಶಿವಪಾರ್ವತಿಯರು ಭಂಡಾರ ಒಡೆದು ಹರಸುತ್ತಾರೆ. ಸತ್ತವನು ನಿದ್ದೆಯಿಂದೆದ್ದವನಂತೆ ಏಳುತ್ತಾನೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಾಯುವವನು ಗಂಡಸು, ಆದರೆ ಅವನಿಗೆ ತನ್ನ ಸಾವಿನ ಅರಿವೇ ಇಲ್ಲ. ಕಣ್ತೆರೆದು ಕುಳಿತು, ಮಳೆಯಲ್ಲಿ ನೆನೆದು, ಸಾವಿನೊಡನೆ ವ್ಯವಹರಿಸುವವಳು ಹೆಣ್ಣು. ನಮ್ಮ ಪ್ರಾಚೀನ ಪವಿತ್ರ ಕಥೆಗಳಲ್ಲಿ ಮೃತ್ಯುವನ್ನು ಕುರಿತ ಅತಿ ಕಠಿಣವಾದ ಪ್ರಶ್ನೆಗಳು ಅನೇಕ ಬಾರಿ ಹೆಂಗಸರ ಬಾಯಿಂದಲೇ ಬಂದಿವೆ. ಅವರು ಕಂಡುಕೊಂಡ ಉತ್ತರಗಳಾದರೋ ಒಂದೇ ಬಗೆಯವಲ್ಲ.

ಸಾವಿತ್ರಿಯ ವಾದ

ಸಾವಿತ್ರಿಯ ಕಥೆ ಮಹಾಭಾರತದ ವನಪರ್ವದಲ್ಲಿದೆ. ಜಯದ್ರಥನಿಂದ ಅಪಹೃತಳಾಗಿ ಬಿಡುಗಡೆ ಹೊಂದಿದ ದ್ರೌಪದಿಯ ಕಷ್ಟವನ್ನು ನೆನೆದು ಮರುಗಿದ ಧರ್ಮರಾಯನು, ಇಂಥ ಹೆಣ್ಣು ಹಿಂದೆ ಯಾರಾದರೂ ಇದ್ದಳೇ ಎಂದು ಕೇಳಿದಾಗ ಮಾರ್ಕಂಡೇಯ ಮುನಿ ಇದನ್ನು ಹೇಳುತ್ತಾನೆ. ಪುರಾಣಗಳಂತೆ ಮಾರ್ಕಂಡೇಯನೇ ಬಾಲ್ಯದಲ್ಲಿ ಯಮಪಾಶದಿಂದ ಪಾರಾದವನು. ಆದ್ದರಿಂದ ಈ ಕಥೆಯನ್ನು ಹೇಳಲು ಅವನಿಗಿಂತ ಅರ್ಹರು ಬೇರೊಬ್ಬರಿಲ್ಲ.

ಜನಮನದಲ್ಲಿ ಸಾವಿತ್ರಿ ಎಂದರೆ ಕಣ್ಣೀರಿಡುತ್ತ ಯಮನ ಕಾಲು ಹಿಡಿದ ಸತಿ. ಮೂಲದ ಸಾವಿತ್ರಿ ಹಾಗಿಲ್ಲ. ಮದ್ರದೇಶದ ಅಶ್ವಪತಿಯ ಮಗಳಾದ ಅವಳ ತೇಜಸ್ಸಿಗೆ ಅಂಜಿ ವರಿಸಲು ಯಾರೂ ಮುಂದೆ ಬಾರದಿದ್ದಾಗ, ತಂದೆ ಅವಳನ್ನೇ ವರಾನ್ವೇಷಣೆಗೆ ಕಳುಹಿಸುತ್ತಾನೆ. ಕಣ್ಣನ್ನೂ ರಾಜ್ಯವನ್ನೂ ಕಳೆದುಕೊಂಡು ಕಾಡು ಸೇರಿದ ಸಾಲ್ವ ದೇಶದ ದ್ಯುಮತ್ಸೇನನ ಮಗ ಸತ್ಯವಂತನನ್ನು ಅವಳು ಆರಿಸಿಕೊಂಡು ಬರುತ್ತಾಳೆ. ಆತನಿಗೆ ಉಳಿದಿರುವುದು ಒಂದೇ ವರ್ಷವೆಂದು ನಾರದರು ಎಚ್ಚರಿಸಿದರೂ ಮಾತು ಬದಲಿಸುವುದಿಲ್ಲ.

ಆ ಒಂದು ವರ್ಷದ ಬಾಳನ್ನು ನೆನೆದುಕೊಳ್ಳಬೇಕು. ಗಂಡನ ಸಾವಿನ ದಿನ ಅವಳೊಬ್ಬಳಿಗೆ ಗೊತ್ತು. ಗಂಡನಿಗಾಗಲಿ, ಅತ್ತೆಮಾವಂದಿರಿಗಾಗಲಿ ಗೊತ್ತಿಲ್ಲ. ನಗುನಗುತ್ತ ಮನೆಗೆಲಸ ಮಾಡುತ್ತ ಒಳಗೊಳಗೇ ದಿನ ಎಣಿಸುವ ಈ ಏಕಾಂತವನ್ನು ಪರೇಲಿನ ಆಸ್ಪತ್ರೆಗಳ ಪಡಸಾಲೆಗಳಲ್ಲಿ ಇಂದೂ ಕಾಣಬಹುದು. ಗಂಡನ ರೋಗದ ನಿಜವನ್ನು ಡಾಕ್ಟರರಿಂದ ಕೇಳಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ನಗುಮುಖ ಹೊತ್ತು ವಾರ್ಡಿನೊಳಕ್ಕೆ ಹೋಗುವ ಹೆಂಗಸರು ಸಾವಿತ್ರಿಯ ಕುಲದವರೇ.

ಗೊತ್ತಾದ ದಿನ ಸತ್ಯವಂತನು ಕಟ್ಟಿಗೆ ಒಡೆಯುತ್ತಿರುವಾಗ ಶೂಲದಿಂದ ತಿವಿದಂಥ ತಲೆನೋವೆಂದು ಹೇಳಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಾನೆ. ಯಮನು ಸ್ವತಃ ಬಂದು ಅಂಗುಷ್ಠಗಾತ್ರದ ಜೀವವನ್ನು ಪಾಶದಿಂದ ಸೆಳೆದುಕೊಂಡು ದಕ್ಷಿಣದ ಕಡೆಗೆ ನಡೆಯುತ್ತಾನೆ. ಸಾವಿತ್ರಿ ಹಿಂಬಾಲಿಸುತ್ತಾಳೆ. ಏಳು ಹೆಜ್ಜೆ ಜೊತೆಯಲ್ಲಿ ನಡೆದವರು ಮಿತ್ರರೆಂದು ಹಿರಿಯರು ಹೇಳುವುದರಿಂದ ಮಿತ್ರಭಾವದಿಂದಲೇ ಮಾತನಾಡುವೆನೆಂದು ತೊಡಗಿ, ಧರ್ಮದ ಮೇಲೆ, ಸತ್ಸಂಗದ ಮೇಲೆ, ಸಜ್ಜನರ ನಡೆಯ ಮೇಲೆ ಒಂದಾದ ಮೇಲೊಂದು ಮಾತನ್ನಾಡುತ್ತಾಳೆ. ಪ್ರತಿಯೊಂದು ಮಾತಿಗೂ ಮೆಚ್ಚಿ ಯಮನು ವರ ಕೊಡುತ್ತಾನೆ. ಮೊದಲ ವರ ಮಾವನ ಕಣ್ಣು. ಎರಡನೆಯದು ಅವನ ರಾಜ್ಯ. ಮೂರನೆಯದು ತಂದೆಗೆ ಸಂತಾನ. ನಾಲ್ಕನೆಯದು ಸತ್ಯವಂತನಿಂದ ತನಗೆ ಮಕ್ಕಳು. ಐದನೆಯ ವರವನ್ನು ಕೊಡುವಾಗ, ಹಿಂದಿನ ವರಗಳಲ್ಲಿದ್ದ ‘ಸತ್ಯವಂತನ ಪ್ರಾಣವೊಂದನ್ನುಳಿದು’ ಎಂಬ ಷರತ್ತನ್ನು ಯಮನೇ ಕೈಬಿಡುತ್ತಾನೆ. ಆಗ ಅವಳು ಗಂಡನ ಪ್ರಾಣವನ್ನು ಕೇಳುತ್ತಾಳೆ.

ಸಾವಿತ್ರಿ ಗೆದ್ದದ್ದು ಉಪವಾಸದಿಂದ ಮಾತ್ರವಲ್ಲ, ವಿವೇಕದಿಂದ ಮತ್ತು ವಾಕ್ಚಾತುರ್ಯದಿಂದ. ಗಂಡ ಎಚ್ಚೆತ್ತ ಮೇಲೂ ಅವಳ ಕೆಲಸ ಮುಗಿಯುವುದಿಲ್ಲ. ಹಣ್ಣಿನ ಬುಟ್ಟಿಯನ್ನು ಕೊಂಬೆಗೆ ತೂಗುಹಾಕಿ, ಕೊಡಲಿಯನ್ನು ತಾನು ಹಿಡಿದು, ಗಂಡನ ತೋಳನ್ನು ತನ್ನ ಹೆಗಲಿಗೇರಿಸಿಕೊಂಡು ಕತ್ತಲೆಯಲ್ಲಿ ಮನೆಗೆ ನಡೆಸಿಕೊಂಡು ಬರುತ್ತಾಳೆ. ಯಮನನ್ನು ಗೆದ್ದವಳಿಗೂ ರೋಗಿಯ ಶುಶ್ರೂಷೆ ತಪ್ಪಲಿಲ್ಲ.

ಆರೋಗ್ಯದ ದೃಷ್ಟಿಯಿಂದಲೂ ಇಲ್ಲೊಂದು ಪಾಠವುಂಟು. ಹಿಂದೆಂದೂ ಕಾಣದ ತೀವ್ರ ತಲೆನೋವು ಹಠಾತ್ತನೆ ಬಂದು ಮನುಷ್ಯ ಕುಸಿದರೆ, ಇಲ್ಲವೇ ಬಾಯಿ ಸೊಟ್ಟಗಾಗಿ, ಕೈಕಾಲಿನ ಬಲ ಕುಂದಿ, ಮಾತು ತೊದಲಿದರೆ ಅದು ಮೆದುಳಿನ ರಕ್ತಸ್ರಾವ ಅಥವಾ ಪಾರ್ಶ್ವವಾಯುವಿನ ಲಕ್ಷಣವಿರಬಹುದು. ಅಂಥ ವೇಳೆ ಮಲಗಿಸಿ ಕಾಯುತ್ತ ಕೂರದೆ, 108ಕ್ಕೆ ಫೋನು ಮಾಡಿ ತಡವಿಲ್ಲದೆ ಆಸ್ಪತ್ರೆಗೆ ಸೇರಿಸಬೇಕು. ಇಂದು ಯಮನೊಡನೆ ನಡೆಯುವ ವಾದದಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ.

ಮೈತ್ರೇಯಿಯ ಪ್ರಶ್ನೆ

ಬೃಹದಾರಣ್ಯಕ ಉಪನಿಷತ್ತಿನ ಮೈತ್ರೇಯಿಯ ದಾರಿ ಬೇರೆ. ಮನೆ ಬಿಟ್ಟು ಹೊರಡಲು ನಿಶ್ಚಯಿಸಿದ ಯಾಜ್ಞವಲ್ಕ್ಯ ಮಹರ್ಷಿಯು ತನ್ನ ಆಸ್ತಿಯನ್ನು ಇಬ್ಬರು ಹೆಂಡಿರಾದ ಮೈತ್ರೇಯಿ, ಕಾತ್ಯಾಯನಿಯರಿಗೆ ಹಂಚಲು ಮುಂದಾಗುತ್ತಾನೆ. ಮೈತ್ರೇಯಿ ಒಂದೇ ಪ್ರಶ್ನೆ ಕೇಳುತ್ತಾಳೆ: ಸಂಪತ್ತು ತುಂಬಿದ ಇಡೀ ಭೂಮಿಯೇ ತನ್ನದಾದರೆ ಅದರಿಂದ ತಾನು ಅಮೃತಳಾಗುವಳೇ? ಇಲ್ಲ, ಉಳ್ಳವರ ಬಾಳಿನಂತೆ ಬಾಳು ಸಾಗೀತು, ಅಮೃತತ್ವದ ಆಸೆಯಂತೂ ಹಣದಿಂದ ಇಲ್ಲವೆಂದು ಋಷಿ ಒಪ್ಪಿಕೊಳ್ಳುತ್ತಾನೆ. ಹಾಗಾದರೆ ಅದನ್ನು ತೆಗೆದುಕೊಂಡು ತಾನೇನು ಮಾಡಲೆಂದು ಅವಳು ಆತ್ಮವಿದ್ಯೆಯನ್ನೇ ಬೇಡುತ್ತಾಳೆ. ಸಾವಿತ್ರಿ ಆಯುಷ್ಯವನ್ನು ಕೇಳಿದಳು. ಮೈತ್ರೇಯಿ ಆಯುಷ್ಯದ ಅರ್ಥವನ್ನು ಕೇಳಿದಳು.

ಕಾತ್ಯಾಯನಿಯ ಬಗ್ಗೆ ಉಪನಿಷತ್ತು ಹೆಚ್ಚು ಹೇಳುವುದಿಲ್ಲ. ಸಾಮಾನ್ಯ ಸ್ತ್ರೀಯರ ತಿಳಿವಳಿಕೆಯುಳ್ಳವಳೆಂದು ಹೇಳಿ ಸುಮ್ಮನಾಗುತ್ತದೆ. ವೇದಾಂತವನ್ನು ಬೋಧಿಸುವವರು ಮೈತ್ರೇಯಿಯನ್ನು ಹೊಗಳಿ ಕಾತ್ಯಾಯನಿಯನ್ನು ಮರೆಯುವುದು ರೂಢಿ. ಆದರೆ ಋಷಿ ಹೊರಟುಹೋದ ಮರುದಿನ ಗೋವುಗಳಿಗೆ ಹುಲ್ಲು ಹಾಕಿ, ಒಲೆ ಹೊತ್ತಿಸಿ, ಮನೆ ನಡೆಸಬೇಕಾದವಳು ಕಾತ್ಯಾಯನಿಯೇ. ಅವಳಿಗೆ ಆಸ್ತಿಯ ಪಾಲು ಬೇಕಿತ್ತು, ಮತ್ತು ಹೊರಡುವ ಮುನ್ನ ಅದನ್ನು ವಿಂಗಡಿಸಿಕೊಡುವುದು ತನ್ನ ಕರ್ತವ್ಯವೆಂದು ಯಾಜ್ಞವಲ್ಕ್ಯನಿಗೆ ತಿಳಿದಿತ್ತು.

ಈ ಮಾತಿಗೆ ಕನ್ನಡನಾಡಿನ ಸಂಬಂಧವೂ ಇದೆ. ಅದೇ ಋಷಿಯ ಹೆಸರಿನಲ್ಲಿ ಪ್ರಚಲಿತವಾದ ಯಾಜ್ಞವಲ್ಕ್ಯ ಸ್ಮೃತಿಯು ಪುತ್ರರಿಲ್ಲದವನ ವಾರಸುದಾರರ ಸಾಲಿನಲ್ಲಿ ಹೆಂಡತಿಯನ್ನು ಮೊದಲು ಹೆಸರಿಸುತ್ತದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇಂದಿನ ಬಸವಕಲ್ಯಾಣದಲ್ಲಿದ್ದವನು. ಸ್ತ್ರೀಧನದ ವ್ಯಾಪ್ತಿಯನ್ನು ಅವನು ಬಹಳಷ್ಟು ಹಿಗ್ಗಿಸಿದ. ಮುಂದೆ ಅವನ ಗ್ರಂಥವು ಭಾರತದ ಬಹುಭಾಗಕ್ಕೆ ಹಿಂದೂ ಕಾನೂನಿನ ಆಧಾರವಾಯಿತಾದರೂ, ವಿಧವೆಗೆ ಬಂದ ಆಸ್ತಿ ಅವಳ ಜೀವಿತಕಾಲದ ಅನುಭೋಗಕ್ಕೆ ಮಾತ್ರವೆಂಬ ನಿರ್ಬಂಧವನ್ನು ಬ್ರಿಟಿಷರ ಕಾಲದ ನ್ಯಾಯಾಲಯಗಳು ಎತ್ತಿಹಿಡಿದವು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅವಳಿಗೆ ಪೂರ್ಣ ಒಡೆತನವನ್ನು ಕೊಟ್ಟಿತು. 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾಗಿಸಿತು.

ಒಂದು ಹಿಡಿ ಸಾಸಿವೆ

ಬೌದ್ಧರ ಕಿಸಾ ಗೌತಮಿಯದು ಮೂರನೆಯ ದಾರಿ. ಶ್ರಾವಸ್ತಿಯ ಈ ಬಡ ತಾಯಿ, ಸತ್ತ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮದ್ದು ಬೇಡುತ್ತ ಬುದ್ಧನ ಬಳಿಗೆ ಬರುತ್ತಾಳೆ. ಸಾವೇ ಕಾಣದ ಮನೆಯಿಂದ ಒಂದಿಷ್ಟು ಸಾಸಿವೆ ತರುವಂತೆ ಆತ ಹೇಳುತ್ತಾನೆ. ಸಾಸಿವೆ ಎಲ್ಲ ಮನೆಗಳಲ್ಲಿಯೂ ಇದೆ. ಸಾವು ಕಾಣದ ಮನೆ ಒಂದೂ ಇಲ್ಲ. ಸಂಜೆಯ ಹೊತ್ತಿಗೆ ಅವಳು ಮಗುವಿನ ದೇಹವನ್ನು ಒಪ್ಪಿಸಿ ಬಂದು ದೀಕ್ಷೆ ಬೇಡುತ್ತಾಳೆ. ಇಲ್ಲಿ ಸತ್ತವರು ಏಳುವುದಿಲ್ಲ. ಅನ್ಯರ ದುಃಖವನ್ನು ಮನೆಮನೆಯಲ್ಲಿ ಕೇಳಿಸಿಕೊಂಡ ಹೆಣ್ಣು ತನ್ನ ದುಃಖವನ್ನು ಹೊರಲು ಶಕ್ತಳಾಗುತ್ತಾಳೆ.

ಈ ಕಥೆಯ ಜಗತ್ತು ಮುಂಬಯಿಗೆ ದೂರದ್ದಲ್ಲ. ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಯಲ್ಲಿ ನೂರಕ್ಕೂ ಮಿಕ್ಕ ಬೌದ್ಧ ಗುಹೆಗಳಿವೆ. ಅಲ್ಲಿಯ ಶಾಸನಗಳಲ್ಲಿ ಗುಹೆಗಳನ್ನೂ ನೀರಿನ ತೊಟ್ಟಿಗಳನ್ನೂ ದಾನ ಕೊಟ್ಟವರ ಸಾಲಿನಲ್ಲಿ ಭಿಕ್ಷುಣಿಯರೂ ಗೃಹಿಣಿಯರೂ ಇದ್ದಾರೆ. ಅಲ್ಲಿಯ 9ನೆಯ ಶತಮಾನದ ಶಾಸನಗಳಲ್ಲಿ ನಮ್ಮ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರೂ ಕಾಣುತ್ತದೆ.

ಗೌತಮಿಯಂತೆ ಮನೆಮನೆಗೆ ಹೋದ ಹೆಂಗಸರ ಇನ್ನೊಂದು ಕಥೆ ಇದೇ ನಗರದಲ್ಲಿ ನಡೆದಿದೆ. 1998ರಲ್ಲಿ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಮುಂಬಯಿಯ ಕೊಳೆಗೇರಿಗಳಲ್ಲಿ ಒಂದು ಅಧ್ಯಯನವನ್ನು ಆರಂಭಿಸಿದರು. ಹತ್ತನೆಯ ತರಗತಿಯವರೆಗೆ ಓದಿದ ಸ್ಥಳೀಯ ಮಹಿಳೆಯರಿಗೆ ಕೆಲವು ವಾರಗಳ ತರಬೇತಿ ಕೊಟ್ಟು ಕಾರ್ಯಕರ್ತೆಯರನ್ನಾಗಿ ಮಾಡಿದರು. 35ರಿಂದ 64 ವರ್ಷದೊಳಗಿನ ಸುಮಾರು 1.5 ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಎರಡು ವರ್ಷಗಳಿಗೊಮ್ಮೆ ಗರ್ಭಕೊರಳಿನ ತಪಾಸಣೆ ನಡೆಸಿದರು. ಉಪಯೋಗಿಸಿದ ವಸ್ತು ಅಡಿಗೆಮನೆಯ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನು ತೆಳುಮಾಡಿದ ದ್ರಾವಣ. ಅದನ್ನು ಹಚ್ಚಿದಾಗ ದೋಷವುಳ್ಳ ಭಾಗ ಬೆಳ್ಳಗಾಗಿ ಬರಿಗಣ್ಣಿಗೆ ಕಾಣುತ್ತದೆ. 12 ವರ್ಷಗಳ ಬಳಿಕ ಲೆಕ್ಕ ಹಾಕಿದಾಗ, ತಪಾಸಣೆಗೊಳಗಾದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದಾದ ಸಾವುಗಳು ಶೇಕಡಾ 31ರಷ್ಟು ಕಡಿಮೆಯಾಗಿದ್ದವು. ಅದೇ ಕಾರ್ಯಕರ್ತೆಯರು ಕೈಯಿಂದ ಮಾಡಿದ ಸ್ತನಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. 50 ವರ್ಷ ದಾಟಿದವರಲ್ಲಿ ಸ್ತನಕ್ಯಾನ್ಸರಿನ ಸಾವುಗಳು ಶೇಕಡಾ 30ರ ಸುಮಾರಿಗೆ ಇಳಿದಿದ್ದವು. ಸತ್ತವರನ್ನು ಎಬ್ಬಿಸುವ ಸಾಸಿವೆ ಯಾವ ಮನೆಯಲ್ಲಿಯೂ ಇರಲಿಲ್ಲ. ಅಕಾಲದ ಸಾವನ್ನು ತಡೆಯುವ ಸಾಧನವಾದರೋ ಅಡಿಗೆಮನೆಯ ಮಟ್ಟದ ಸರಳ ವಸ್ತುವಾಗಿತ್ತು.

ಬದುಕಿಸಿದವಳ ಸಾವು

ಮುಂಬಯಿ ಕನ್ನಡಿಗರಲ್ಲಿ ತುಳುನಾಡಿನಿಂದ ಬಂದವರ ಸಂಖ್ಯೆ ದೊಡ್ಡದು. ಅವರಿಗೆ ಕೋಟಿ ಚೆನ್ನಯರ ಪಾಡ್ದನ ಹಾಲಿನೊಡನೆ ಬಂದ ಕಥೆ. ಆ ವೀರರ ತಾಯಿ ದೇಯಿ ಬೈದೆತಿ ಹೆಸರಾಂತ ವೈದ್ಯೆ. ಪಡುಮಲೆಯ ಬಲ್ಲಾಳನ ಕಾಲಿಗೆ ಮುಳ್ಳು ಚುಚ್ಚಿ ವಿಷವೇರಿ ಯಾವ ಮದ್ದಿಗೂ ವಾಸಿಯಾಗದಿದ್ದಾಗ, ತುಂಬು ಗರ್ಭಿಣಿಯಾದ ಅವಳಿಗೆ ಕರೆ ಬರುತ್ತದೆ. ಅವಳು ಬೀಡಿಗೆ ಹೋಗಿ ಮದ್ದು ಮಾಡಿ ಬಲ್ಲಾಳನನ್ನು ಬದುಕಿಸುತ್ತಾಳೆ. ಅಲ್ಲಿಯೇ ಹೆರಿಗೆ ನೋವು ಆರಂಭವಾಗಿ ಅವಳಿ ಗಂಡುಮಕ್ಕಳು ಹುಟ್ಟುತ್ತವೆ. ಆದರೆ ಮಕ್ಕಳ ಆಟಪಾಟವನ್ನು ಕಾಣುವ ಭಾಗ್ಯ ತಾಯಿಗಿಲ್ಲ. ಹೆರಿಗೆಯಾದ ಸ್ವಲ್ಪ ಕಾಲದಲ್ಲಿಯೇ ಅವಳು ತೀರಿಕೊಳ್ಳುತ್ತಾಳೆ. ಕೂಸುಗಳು ಸೋದರಮಾವ ಸಾಯನ ಬೈದ್ಯನ ಆಶ್ರಯದಲ್ಲಿ ಬೆಳೆಯುತ್ತವೆ. ಇಂದು ಪುತ್ತೂರಿನ ಬಳಿ ಅರಣ್ಯ ಇಲಾಖೆಯವರು ಬೆಳೆಸಿದ ಔಷಧಿವನಕ್ಕೆ ಅವಳ ಹೆಸರಿದೆ.

ಅರಸನನ್ನು ಬದುಕಿಸಿದವಳನ್ನು ಬದುಕಿಸುವವರು ಯಾರೂ ಇರಲಿಲ್ಲ ಎಂಬುದು ಈ ಕಥೆಯ ಶೂಲ. ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ಹಿರಿಯರು ಹೇಳುತ್ತಿದ್ದುದು ಅಲಂಕಾರಕ್ಕಲ್ಲ. ಹೆರಿಗೆಯ ನಂತರದ ರಕ್ತಸ್ರಾವ, ರಕ್ತದ ಏರೊತ್ತಡ, ಸೋಂಕು ಇವೇ ತಾಯಂದಿರ ಸಾವಿನ ಮುಖ್ಯ ಕಾರಣಗಳು. ರಕ್ತಹೀನತೆ ಇವೆಲ್ಲಕ್ಕೂ ದಾರಿ ಸುಗಮ ಮಾಡಿಕೊಡುತ್ತದೆ. 2004–06ರ ಅವಧಿಯಲ್ಲಿ ಭಾರತದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 254 ತಾಯಂದಿರು ಸಾಯುತ್ತಿದ್ದರು. ಕರ್ನಾಟಕದ ಸಂಖ್ಯೆ 213. 2018–20ರ ಹೊತ್ತಿಗೆ ದೇಶದ ಸಂಖ್ಯೆ 97ಕ್ಕೂ ಕರ್ನಾಟಕದ್ದು 69ಕ್ಕೂ ಇಳಿಯಿತು. ಮಹಾರಾಷ್ಟ್ರದಲ್ಲಿ ಅದು 33. ಆಸ್ಪತ್ರೆಯ ಹೆರಿಗೆ, ರಕ್ತದ ಪೂರೈಕೆ, ಗರ್ಭಿಣಿಯರ ನಿಯಮಿತ ಪರೀಕ್ಷೆ ಇವು ಸಾಧಿಸಿದ ಜಯವಿದು. ಹಾಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇಕಡಾ 57 ಮಂದಿ ರಕ್ತಹೀನರು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದುದನ್ನು ತಾನುಣ್ಣುವ ಪದ್ಧತಿ ಬೇರೂರಿರುವ ಮನೆಗಳಲ್ಲಿ ಈ ಅಂಕಿ ಸುಲಭವಾಗಿ ಇಳಿಯದು.

ಹಿಡಿದುಕೊಳ್ಳುವುದು, ಬಿಟ್ಟುಕೊಡುವುದು

ಸಾವಿತ್ರಿಯ ಹಿಡಿತಕ್ಕೆ ನಮ್ಮ ಕಾಲದ ದೃಷ್ಟಾಂತವೊಂದು ಮುಂಬಯಿಯಲ್ಲಿಯೇ ಇದೆ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ 1973ರ ನವೆಂಬರಿನಲ್ಲಿ ಕ್ರೂರ ಹಲ್ಲೆಗೆ ತುತ್ತಾಗಿ, ಮೆದುಳಿಗೆ ಘಾಸಿಯಾಗಿ, ಮತ್ತೆಂದೂ ಪೂರ್ಣ ಪ್ರಜ್ಞೆಗೆ ಮರಳಲಿಲ್ಲ. ಅಂದಿನಿಂದ 2015ರ ಮೇ 18ರಂದು ಅವರು ಕೊನೆಯುಸಿರೆಳೆಯುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನ ನಂತರ ತಲೆಮಾರಾಗಿ ಅವರಿಗೆ ಉಣ್ಣಿಸಿ, ಮೈ ತೊಳೆಸಿ, ಹಾಸಿಗೆಹುಣ್ಣಾಗದಂತೆ ಮಗ್ಗುಲು ಬದಲಿಸಿ ನೋಡಿಕೊಂಡರು. ಅವರನ್ನು ಸಾಯಲು ಬಿಡಬೇಕೆಂಬ ಅರ್ಜಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ದಾದಿಯರು ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿತು. ಆದರೆ ಚೇತರಿಕೆಯ ಆಸೆಯೇ ಇಲ್ಲದ ರೋಗಿಗೆ ಕೃತಕ ಜೀವಾಧಾರವನ್ನು ಹಿಂತೆಗೆದುಕೊಳ್ಳಲು ಉಚ್ಚ ನ್ಯಾಯಾಲಯದ ಅನುಮತಿಯೊಡನೆ ಅವಕಾಶವುಂಟೆಂಬ ತತ್ತ್ವವನ್ನು ಅದೇ ತೀರ್ಪಿನಲ್ಲಿ ಅಂಗೀಕರಿಸಿತು. ದಾದಿಯರ ನಿಲುವು ಸರಿಯೇ, ಅರ್ಜಿದಾರರ ಕನಿಕರ ಸರಿಯೇ ಎಂಬ ಚರ್ಚೆಗೆ ಕೊನೆಯಿಲ್ಲ. ರಕ್ತಸಂಬಂಧವಿಲ್ಲದ ಹೆಂಗಸರು ನಾಲ್ಕು ದಶಕ ನಡೆಸಿದ ಶುಶ್ರೂಷೆಯನ್ನಂತೂ ಎರಡೂ ಪಕ್ಷದವರು ತಲೆಬಾಗಿ ಒಪ್ಪಿದ್ದಾರೆ.

ಬಿಟ್ಟುಕೊಡುವುದೂ ನಮ್ಮ ಪರಂಪರೆಯಲ್ಲಿ ಹೇಡಿತನವೆನಿಸಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನ ವ್ರತದಿಂದ ದೇಹ ತೊರೆದ ಜೈನ ಕಂತಿಯರ ಹೆಸರುಗಳು 7ನೆಯ ಶತಮಾನದ ಸುಮಾರಿನಿಂದಲೇ ಕಲ್ಲಿನ ಮೇಲಿವೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಬಳಿಕ, ಅವಳ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಒಂದು ತಿಂಗಳ ಉಪವಾಸ ನಡೆಸಿ ದೇಹ ಬಿಟ್ಟಳೆಂದು ಶಾಸನ ಹೇಳುತ್ತದೆ. ಅದು ಧರ್ಮದ ವ್ರತ. ಇಂದಿನ ಆಸ್ಪತ್ರೆಯ ನಿರ್ಧಾರಗಳೊಡನೆ ಅದನ್ನು ಬೆರೆಸಕೂಡದು. ಆದರೂ ಕೊನೆಯ ಗಳಿಗೆಯನ್ನು ಎಚ್ಚರದಿಂದ ಎದುರುಗೊಳ್ಳುವ ಧೈರ್ಯ ಹೆಂಗಸರಿಗೂ ಇತ್ತೆಂಬುದಕ್ಕೆ ಆ ಕಲ್ಲುಗಳು ಸಾಕ್ಷಿ.

ಈ ಎರಡು ದಾರಿಗಳ ನಡುವೆ ಆಧುನಿಕ ವೈದ್ಯವು ಮೂರನೆಯದನ್ನು ತೆರೆದಿದೆ. ವಾಸಿಯಾಗದ ರೋಗಿಗೆ ನೋವು ಕಳೆದು, ಉಬ್ಬಸ ತಗ್ಗಿಸಿ, ಗೌರವದಿಂದ ದಿನಗಳನ್ನು ಕಳೆಯಲು ನೆರವಾಗುವ ಉಪಶಾಮಕ ಶುಶ್ರೂಷೆ ಅದು. ಭಾರತದ ಮೊದಲ ಇಂಥ ಧಾಮ, ಶಾಂತಿ ಅವೇದನಾ ಸದನ, 1986ರಲ್ಲಿ ಸ್ಥಾಪನೆಯಾದದ್ದು ಮುಂಬಯಿಯ ಬಾಂದ್ರಾದಲ್ಲಿ. ಕ್ಯಾನ್ಸರಿನ ಕೊನೆಯ ಹಂತದ ರೋಗಿಗಳನ್ನು ಅಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯವು, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ತೀರ್ಮಾನಿಸಿ, ಸ್ವಸ್ಥಚಿತ್ತರಾಗಿರುವಾಗಲೇ ಜೀವಂತ ಉಯಿಲು ಬರೆದಿಡಲು ಅವಕಾಶ ಕೊಟ್ಟಿತು. 2023ರ ಜನವರಿಯಲ್ಲಿ ಕ್ರಮವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಿತು. ಇದರಿಂದ ಹೆಚ್ಚಿನ ನೆಮ್ಮದಿ ಹೆಂಗಸರಿಗೇ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತು ‘ಮುಂದೇನು’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬರುವುದು ಬಹುತೇಕ ಹೆಂಡತಿ ಅಥವಾ ಮಗಳಿಗೆ. ರೋಗಿಯ ಇಚ್ಛೆ ಬರಹದಲ್ಲಿದ್ದರೆ ಆ ಭಾರ ಅವರೊಬ್ಬರ ಎದೆಯ ಮೇಲೆ ಬೀಳುವುದಿಲ್ಲ.

ಕಾತ್ಯಾಯನಿಗಾಗಿ ಕೆಲವು ಮಾತು

ಊರಿನಲ್ಲಿ ಗಂಡ ತೀರಿಕೊಂಡರೆ ಭಾವಮೈದುನರು, ನೆರೆಹೊರೆಯವರು ಜೊತೆಗೆ ನಿಲ್ಲುತ್ತಿದ್ದರು. ಮಹಾನಗರದ ಒಂದೂವರೆ ಕೋಣೆಯ ಮನೆಯಲ್ಲಿ ಹದಿಮೂರನೆಯ ದಿನದ ನಂತರ ನೆಂಟರು ಹೊರಟುಹೋಗುತ್ತಾರೆ. ಪಾಸ್‌ಬುಕ್ಕು ಎಲ್ಲಿದೆ, ವಿಮೆಯ ಕಂತು ಕಟ್ಟಿದೆಯೇ, ಸೊಸೈಟಿಯ ಷೇರುಪತ್ರ ಯಾರ ಹೆಸರಿನಲ್ಲಿದೆ ಎಂಬುದು ತಿಳಿಯದೆ ಹಣವಿದ್ದೂ ಕೈ ಬರಿದಾದ ಗೃಹಿಣಿಯರು ಕಡಿಮೆಯಿಲ್ಲ. ಯಾಜ್ಞವಲ್ಕ್ಯನು ಹೊರಡುವ ಮುನ್ನ ಮಾಡಿದ ಕೆಲಸವನ್ನು ಪ್ರತಿಯೊಬ್ಬ ಗೃಹಸ್ಥನೂ ಆರೋಗ್ಯವಾಗಿರುವಾಗಲೇ ಮಾಡಿ ಮುಗಿಸಬೇಕು.

ಬ್ಯಾಂಕಿನ ಖಾತೆಯನ್ನು ಗಂಡಹೆಂಡಿರಿಬ್ಬರ ಹೆಸರಿನಲ್ಲಿ ‘ಐದರ್ ಆರ್ ಸರ್ವೈವರ್’ ಎಂದು ಇಡುವುದು ಲೇಸು. ಪ್ರತಿಯೊಂದು ಠೇವಣಿಗೂ ಲಾಕರಿಗೂ ನಾಮಿನೇಷನ್ ಮಾಡಿಸಬೇಕು. 2025ರ ನವೆಂಬರ್ 1ರಿಂದ ಜಾರಿಗೆ ಬಂದ ನಿಯಮದಂತೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಆದರೆ ಬ್ಯಾಂಕಿನ ಠೇವಣಿಯಲ್ಲಿ ನಾಮಿನಿ ಎಂದರೆ ಹಣವನ್ನು ಪಡೆಯಲು ಅಧಿಕಾರವುಳ್ಳವರು ಮಾತ್ರ. ಒಡೆತನವು ಕಾನೂನಿನ ವಾರಸುದಾರರದು. ಆದ್ದರಿಂದ ನಾಮಿನೇಷನ್ ಇದ್ದರೂ ಉಯಿಲು ಬೇಕು. ಎಲ್ಲಕ್ಕಿಂತ ಮೊದಲು, ಯಾವ ಕಾಗದ ಎಲ್ಲಿದೆ ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದು ಮನೆಯಾಕೆಗೆ ತೋರಿಸಿ ತಿಳಿಸಿಡಬೇಕು. ಸಾವಿನ ಮಾತು ಅಪಶಕುನವೆಂದು ಇದನ್ನು ಮುಂದೂಡುವವರು ಸಾವಿತ್ರಿಯ ಕಥೆಯನ್ನು ಮತ್ತೊಮ್ಮೆ ಓದಬೇಕು. ನಡೆಯುತ್ತಿರುವುದು ಯಮನ ಹಿಂದೆಯಾದರೂ ಅವಳು ಮೊದಲು ಕೇಳಿದ್ದು ಮಾವನ ಕಣ್ಣು ಮತ್ತು ಮನೆಯ ಆಸ್ತಿಯನ್ನು.

ಇನ್ನೊಂದು ಮಾತು ಉಳಿದಿದೆ. ವಟಪೌರ್ಣಿಮೆಯಲ್ಲಾಗಲಿ, ಭೀಮನ ಅಮಾವಾಸ್ಯೆಯಲ್ಲಾಗಲಿ ಹೆಣ್ಣು ಬೇಡುವುದು ಗಂಡನ ಆಯುಷ್ಯವನ್ನು. ಅವಳ ಆಯುಷ್ಯವನ್ನು ಬೇಡುವ ವ್ರತ ಪಂಚಾಂಗದಲ್ಲಿ ಎಲ್ಲಿದೆ? ಮನೆಯವರ ಬಿ.ಪಿ. ಮಾತ್ರೆಯನ್ನು ಗಡಿಯಾರ ನೋಡಿ ಕೊಡುವ ಗೃಹಿಣಿ ತನ್ನ ಎದೆಯಲ್ಲಿ ಕೈಗೆ ತಾಕುವ ಗಂಟನ್ನು, ಮುಟ್ಟು ನಿಂತ ಮೇಲೆ ಕಾಣುವ ರಕ್ತಸ್ರಾವವನ್ನು ‘ಮಗಳ ಪರೀಕ್ಷೆ ಮುಗಿಯಲಿ, ಗೌರಿಹಬ್ಬ ಕಳೆಯಲಿ’ ಎಂದು ತಿಂಗಳುಗಟ್ಟಲೆ ಮುಚ್ಚಿಡುತ್ತಾಳೆ. ಹೃದಯಾಘಾತ ಗಂಡಸರ ರೋಗವೆಂಬ ತಪ್ಪು ತಿಳಿವಳಿಕೆಯೂ ಇದೆ. ಹೆಂಗಸರಲ್ಲಿ ಅದು ಎದೆನೋವಿನ ಜೊತೆಗೆ, ಕೆಲವೊಮ್ಮೆ ಎದೆನೋವೇ ಇಲ್ಲದೆ, ಏದುಸಿರು, ಅತಿಯಾದ ಆಯಾಸ, ವಾಕರಿಕೆ, ದವಡೆ ಅಥವಾ ಬೆನ್ನಿನ ನೋವಾಗಿ ತೋರಬಹುದು. ಇದನ್ನು ಬರಿಯ ವಾಯು ಎಂದು ತಳ್ಳಿಹಾಕಿ ಕಷಾಯ ಕುಡಿದು ಮಲಗಿದವರು ಮತ್ತೆ ಏಳದ ನಿದರ್ಶನಗಳುಂಟು.

ಆದುದರಿಂದ ವ್ರತದ ದಿನ ದಾರ ಕಟ್ಟಿಸಿಕೊಂಡ ಗಂಡ, ಭಂಡಾರ ಒಡೆದ ಅಣ್ಣತಮ್ಮ, ಕಡುಬು ತಿಂದ ಮಕ್ಕಳು ಸೇರಿ ಒಂದು ಸಂಕಲ್ಪ ಮಾಡಬಹುದು. ಆ ವಾರದೊಳಗೆ ಮನೆಯಾಕೆಯನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ಸ್ತನ ಮತ್ತು ಗರ್ಭಕೊರಳಿನ ತಪಾಸಣೆಗಳನ್ನು ಮಾಡಿಸುವುದು. ಕೆಲಸ ಅರ್ಧ ದಿನದ್ದು, ಒಂದು ರಜೆಯ ಖರ್ಚು. ಸಾವಿತ್ರಿಯೊಡನೆ ಯಮನೇ ನಿಂತು ಮಾತನಾಡಿದ. ಅವಳ ಮನೆಯವರು ಅಷ್ಟೂ ಮಾಡದಿದ್ದರೆ ಹೇಗೆ?